ಧಾತು ಈಶ್ವರದ ಕೂಸು: ಒಂದು ಮನೆತನದ ನೆನಪಿನ ಕಾಲನಿರ್ಣಯ

ಶಾಸನಗಳ ಕಾಲನಿರ್ಣಯದಲ್ಲಿ ತೊಡಗಿದವರಿಗೆಲ್ಲ ಒಂದು ತೊಡಕು ಚಿರಪರಿಚಿತವಾದುದು. ಶಕವರ್ಷವನ್ನು ಹೇಳದೆ ಸಂವತ್ಸರದ ಹೆಸರೊಂದನ್ನೇ ಕೊಟ್ಟು ಮುಗಿಸುವ ಶಾಸನ ದೊರೆತಾಗ, ಆ ಸಂವತ್ಸರ ಅರವತ್ತು ವರ್ಷಗಳಿಗೊಮ್ಮೆ ಮರಳಿ ಬರುವುದರಿಂದ, ಅದು ಯಾವ ಆವರ್ತಕ್ಕೆ ಸೇರಿದುದೆಂಬುದನ್ನು ಬೇರೆ ಆಧಾರಗಳಿಂದಲೇ ನಿಶ್ಚಯಿಸಬೇಕಾಗುತ್ತದೆ. ಲಿಪಿಯ ಸ್ವರೂಪ, ಅರಸನ ಹೆಸರು, ತಿಥಿವಾರಗಳ ಹೊಂದಿಕೆ, ಗ್ರಹಣದ ಉಲ್ಲೇಖ, ಇವುಗಳಲ್ಲಿ ಯಾವುದಾದರೊಂದು ನೆರವಿಗೆ ಬಂದರೆ ಬಂತು. ಇಲ್ಲವಾದರೆ ಆ ಶಾಸನ ಅರವತ್ತು ವರ್ಷ ಹಿಂದಕ್ಕೂ ಮುಂದಕ್ಕೂ ತೂಗಾಡುತ್ತಲೇ ಇರುತ್ತದೆ. 1886ರಿಂದ ಹೊರಬರತೊಡಗಿದ ಎಪಿಗ್ರಾಫಿಯ ಕರ್ನಾಟಿಕದ ಸಂಪುಟಗಳಲ್ಲಿ ರೈಸ್ ಮಹಾಶಯರು ಪ್ರಶ್ನಾರ್ಥಕ ಚಿಹ್ನೆಯೊಡನೆ ಕೊಟ್ಟಿರುವ ಇಸವಿಗಳನ್ನು ಕಂಡವರಿಗೆ ಈ ಕಷ್ಟವನ್ನು ವಿವರಿಸಬೇಕಾಗಿಲ್ಲ. ಆದರೆ ಇದೇ ತೊಡಕು ನಮ್ಮ ಕಣ್ಣೆದುರಿಗೆ ಬದುಕಿದ್ದವರ ಬಾಯಿಮಾತಿನಲ್ಲಿಯೂ ಅಡಗಿರಬಹುದೆಂದು ನಮಗೆ ಹೊಳೆದದ್ದು ತೀರ ಈಚೆಗೆ, ಅದೂ ನಮ್ಮ ಸ್ವಂತ ಮನೆಯಲ್ಲಿ. ಮನೆಯ ವಿಷಯವನ್ನು ವಿದ್ವತ್ಪತ್ರಿಕೆಗೆ ತರುವುದರಲ್ಲಿ ಸ್ವಲ್ಪ ಸಂಕೋಚವಿಲ್ಲದೆ ಇಲ್ಲ. ಆದರೆ ಸಾಮಗ್ರಿ ಕೈಗೆ ಹತ್ತಿರವಿದ್ದುದರಿಂದಲೇ ಅದನ್ನು ಎಲ್ಲ ಮಗ್ಗುಲುಗಳಿಂದಲೂ ಪರೀಕ್ಷಿಸಿ ನೋಡುವ ಅನುಕೂಲ ದೊರೆಯಿತೆಂಬುದನ್ನು ವಾಚಕರು ಗಮನಿಸಬೇಕು.

ನಮ್ಮ ಮುತ್ತಜ್ಜಿ, ಎಂದರೆ ತಂದೆಯ ತಂದೆಯ ತಾಯಿ, 1999ರ ಆರಂಭದಲ್ಲಿ ತೀರಿಕೊಂಡರು. ಆಗ ನಮಗೆ ಹತ್ತು ವರ್ಷ. ಕೃಷ್ಣರಾಜಸಾಗರದ ಹಿನ್ನೀರಿನ ಅಂಚಿನಲ್ಲಿರುವ ನಮ್ಮ ಊರಿನ ಹೊಲದ ಬದುವಿನಲ್ಲಿ ಅವರ ಸಮಾಧಿಯಿದೆ. ಅದರ ಮೇಲೆ ನೆಟ್ಟಿರುವ ಕಲ್ಲಿನಲ್ಲಿ ಅವರು 122 ವರ್ಷ ಬಾಳಿದರೆಂದು ಕೆತ್ತಿದೆ. ಈ ಸಂಖ್ಯೆಯನ್ನು ನಮ್ಮ ಮನೆಯವರು ಗಾಳಿಯಲ್ಲಿ ಹಿಡಿದು ತಂದವರಲ್ಲ. "ಧಾತು ಈಶ್ವರದ ಬರದಲ್ಲಿ ಅಜ್ಜಿ ಕಂಕುಳ ಕೂಸು" ಎಂಬುದು ನಮ್ಮಲ್ಲಿ ಮನೆಮಾತು. ಮೈಸೂರು ಸೀಮೆಯನ್ನು ಹಾಳುಗೆಡವಿದ ಆ ಮಹಾಕ್ಷಾಮ ಬಿದ್ದುದು 1876–77ರ ಧಾತು ಮತ್ತು 1877–78ರ ಈಶ್ವರ ಸಂವತ್ಸರಗಳಲ್ಲಿ. 1877ರಲ್ಲಿ ಹುಟ್ಟಿದವರಿಗೆ 1999ರಲ್ಲಿ 122. ಲೆಕ್ಕ ಸರಿಯಾಗಿಯೇ ಇದೆ.

ಸರಿಯಾಗಿದ್ದುದೇ ನಮಗೆ ತೊಂದರೆಯಾಯಿತು. ಪ್ರಪಂಚದಲ್ಲಿ ದಾಖಲೆಗಳ ಬಲದಿಂದ ದೃಢಪಟ್ಟಿರುವ ಅತಿ ದೀರ್ಘವಾದ ಆಯುಸ್ಸು ಫ್ರಾನ್ಸ್ ದೇಶದ ಜಾನ್ ಕಲ್ಮಾಂ ಎಂಬಾಕೆಯದು. 1875ರಲ್ಲಿ ಹುಟ್ಟಿ 1997ರಲ್ಲಿ ಮಡಿದ ಆಕೆ ಬಾಳಿದ್ದು 122 ವರ್ಷ 164 ದಿನ. ನಮ್ಮ ಕಲ್ಲನ್ನು ನಂಬುವುದಾದರೆ ಹಿನ್ನೀರಿನ ಹಳ್ಳಿಯ ನಮ್ಮ ಮುತ್ತಜ್ಜಿ ಆಕೆಗೆ ಸರಿಸಮನಾಗಿ ನಿಲ್ಲಬೇಕಾಗುತ್ತದೆ. ಅಸಾಧ್ಯವೆಂದು ಹೇಳುವುದಕ್ಕಿಲ್ಲ. ಆದರೆ ನಮ್ಮ ದೇಶದಲ್ಲಿ ವಯಸ್ಸನ್ನು ಹೇಳುವ ರೀತಿಯೇ ಬೇರೆಯೆಂಬುದನ್ನು ಜನಗಣತಿಯ ವರದಿಗಳನ್ನು ಓದಿದವರು ಬಲ್ಲರು. ಜನರು ಹೇಳಿದ ವಯಸ್ಸುಗಳು ಸೊನ್ನೆಯಿಂದಲೋ ಐದರಿಂದಲೋ ಕೊನೆಗೊಳ್ಳುವ ಸಂಖ್ಯೆಗಳ ಮೇಲೆಯೇ ಗುಂಪುಗೂಡುತ್ತವೆ. ಹಳ್ಳಿಯವರ ಮಾತಂತಿರಲಿ, ಇಡೀ ನಾಡು ಬಲ್ಲ ಸರ್ ಎಂ. ವಿಶ್ವೇಶ್ವರಯ್ಯನವರ ಹುಟ್ಟಿದ ಇಸವಿಯನ್ನೇ ಕೆಲವರು 1860 ಎಂದೂ ಕೆಲವರು 1861 ಎಂದೂ ಬರೆಯುತ್ತಾರೆ. 1962ರಲ್ಲಿ ತೀರಿಕೊಂಡ ಅವರು ನೂರನ್ನು ದಾಟಿದ್ದರೆಂಬುದರಲ್ಲಿ ಮಾತ್ರ ಸಂಶಯವಿಲ್ಲ. ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳ ವಿಷಯದಲ್ಲಿಯೂ 1907, 1908 ಎಂಬ ಎರಡು ಇಸವಿಗಳು ಬಳಕೆಯಲ್ಲಿವೆ. ಈ ಮಹನೀಯರಲ್ಲಿ ವ್ಯತ್ಯಾಸ ಒಂದು ವರ್ಷದ್ದು. ನಮ್ಮ ಮನೆಯ ಲೆಕ್ಕದಲ್ಲಿ ವ್ಯತ್ಯಾಸವಿದ್ದರೆ ಅದು ಎಷ್ಟು ವರ್ಷಗಳದ್ದು? ಇದೇ ನಮ್ಮ ಮುಂದಿದ್ದ ಪ್ರಶ್ನೆ.

ಈ ಪ್ರಶ್ನೆಗೆ ಉತ್ತರ ಹುಡುಕಲು ನಮಗೆ ದೊರೆತ ಆಕರಗಳು ಮೂರು. ಮೊದಲನೆಯದು ನಮ್ಮ ತಂದೆಯವರು 1993ರಲ್ಲಿ ಮುತ್ತಜ್ಜಿಯನ್ನು ಮಾತನಾಡಿಸಿ ಟೇಪ್ ರೆಕಾರ್ಡರಿನಲ್ಲಿ ಹಿಡಿದಿಟ್ಟ ಒಂದು ಕ್ಯಾಸೆಟ್ಟು. ಎರಡನೆಯದು 1926ರಲ್ಲಿ ಬರೆದ ಒಂದು ವಂಶವೃಕ್ಷದ ನಕಲು. ಮೂರನೆಯದು ನಮ್ಮ ಚಿಕ್ಕತಾತನವರ, ಎಂದರೆ ಮುತ್ತಜ್ಜಿಯ ಕೊನೆಯ ಮಗನ, ಶಾಲೆಯ ದಾಖಲೆ. ಇವುಗಳಲ್ಲಿ ಕ್ಯಾಸೆಟ್ಟೇ ಮುಖ್ಯ. ಅದು ಬಹುಕಾಲ ಟ್ರಂಕಿನಲ್ಲಿ ಬಿದ್ದಿದ್ದು, ಪಟ್ಟಿ ಅಲ್ಲಲ್ಲಿ ಅಂಟಿಕೊಂಡು ಕೆಟ್ಟಿತ್ತು. ಅದರ ಧ್ವನಿಯನ್ನು ಕಂಪ್ಯೂಟರಿಗೆ ಇಳಿಸಿ, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಒಂದೊಂದೇ ಮಾತನ್ನು ಹತ್ತಾರು ಸಲ ಕೇಳಿ ಬರೆದುಕೊಂಡೆವು. ಸವೆದ ಶಾಸನವನ್ನು ಪಡಿಯಚ್ಚಿನಿಂದ ಓದುವ ಕೆಲಸಕ್ಕೂ ಇದಕ್ಕೂ ಹೆಚ್ಚಿನ ಭೇದವಿಲ್ಲ.

ಕ್ಯಾಸೆಟ್ಟಿನಲ್ಲಿ ಬರದ ಮಾತು ಎರಡು ಕಡೆ ಬರುತ್ತದೆ. ಮೊದಲ ಸಲ ಬರುವುದು ದೀರ್ಘವಾದ ಕಥನ. ಮಳೆ ಎರಡು ವರ್ಷ ಹೋದದ್ದು, ಕತ್ತಾಳೆಯ ಗೆಡ್ಡೆಯನ್ನು ಬೇಯಿಸಿ ಕಹಿ ತೆಗೆದು ತಿಂದದ್ದು, ಇರುವೆಯ ಗೂಡನ್ನು ಅಗೆದು ಅವು ಕೂಡಿಟ್ಟ ಕಾಳನ್ನು ತೊಳೆದು ತಂದದ್ದು, ಗಂಜಿಗಾಗಿ ಹೊತ್ತು ಹುಟ್ಟುವುದಕ್ಕೆ ಮುಂಚೆಯೇ ಸಾಲಾಗಿ ಕುಳಿತದ್ದು, ಸಾಲಿನಲ್ಲಿ ಪಕ್ಕಕ್ಕೆ ಕುಳಿತವಳು ಹಾಗೆಯೇ ಒರಗಿದ್ದು, ಅವಳ ಪಾಲಿನ ಗಂಜಿಯನ್ನು ಇವರೇ ಕುಡಿದದ್ದು, ಇವೆಲ್ಲವನ್ನೂ ಮುತ್ತಜ್ಜಿ ಕಣ್ಣಾರೆ ಕಂಡವರಂತೆ ಹೇಳಿದ್ದಾರೆ. "ಕುಡ್ಕಂಡ್ ಬುಟ್ಟೋ ಕಣಪ್ಪ, ಏನ್ ಮಾಡದು" ಎಂಬ ಮಾತಿನ ಅನಂತರ ಕ್ಯಾಸೆಟ್ಟಿನಲ್ಲಿ ಬಹಳ ಹೊತ್ತು ಮೌನವಿದೆ; ಕೋಳಿಯೊಂದು ಕೂಗುವುದಷ್ಟೇ ಕೇಳಿಸುತ್ತದೆ. ಈ ಕಥನದ ಐತಿಹಾಸಿಕತೆಯ ಬಗ್ಗೆ ನಮಗೆ ಸಂದೇಹವಿಲ್ಲ. 1871ರ ಗಣತಿಯಲ್ಲಿ 50,55,412 ಇದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ 41,86,188ಕ್ಕೆ ಇಳಿಯಿತು. ಹತ್ತು ವರ್ಷಗಳಲ್ಲಿ ಸಹಜವಾಗಿ ಹೆಚ್ಚಬೇಕಾಗಿದ್ದ ಜನವನ್ನು ಲೆಕ್ಕಕ್ಕೆ ಹಿಡಿಯದೆಯೇ ಎಂಟೂವರೆ ಲಕ್ಷಕ್ಕೂ ಮಿಕ್ಕಿದ ನಷ್ಟವಿದು. ಪಕ್ಕದಲ್ಲಿ ಕುಳಿತವಳ ಗಂಜಿಯನ್ನು ಕುಡಿದ ಮಾತು ಯಾವ ವರದಿಯಲ್ಲಿಯೂ ಬರುವಂಥದಲ್ಲ.

ಆದರೆ ಒಂದು ಅಂಶ ನಮ್ಮನ್ನು ತಡೆದು ನಿಲ್ಲಿಸಿತು. ಕಂಕುಳ ಕೂಸಾಗಿದ್ದವರು ಗಂಜಿಯ ಸಾಲಿನಲ್ಲಿ ಕುಳಿತು ಪಕ್ಕದವಳು ಸತ್ತುದನ್ನು ನೆನಪಿಡುವುದು ಹೇಗೆ? ಈ ಕಥನದ ಕ್ರಿಯಾಪದಗಳನ್ನು ಗುರುತುಹಾಕಿ ನೋಡಿದೆವು. ಆದ್ಯಂತ ಅವೆಲ್ಲ ಬಹುವಚನದಲ್ಲಿವೆ: "ತಿಂದೋ", "ಕೂತ್ಕಂಡೋ", "ಕುಡ್ಕಂಡ್ ಬುಟ್ಟೋ". ನಾವು ತಿಂದೆವು, ನಾವು ಕುಳಿತೆವು, ನಾವು ಕುಡಿದುಬಿಟ್ಟೆವು. ತಮ್ಮ ಮದುವೆ, ಹೆರಿಗೆ, ಗಂಡನ ಸಾವು ಇವುಗಳನ್ನು ಹೇಳುವಾಗ ಮಾತ್ರ ಅವರು "ಹೋದೆ", "ಹೆತ್ತೆ", "ಅತ್ತೆ" ಎಂದು ಏಕವಚನಕ್ಕೆ ಬರುತ್ತಾರೆ. ಈ ನಿಯಮಕ್ಕೆ ಇಡೀ ಕ್ಯಾಸೆಟ್ಟಿನಲ್ಲಿ ಅಪವಾದ ಕಾಣಲಿಲ್ಲ. ಒಂದು ಕಡೆ ಅವರೇ ದಾರಿಯನ್ನು ತೋರಿಸಿಯೂ ಇದ್ದಾರೆ. ಗಂಜಿಯ ಕಥೆ ಮುಗಿದ ಮೇಲೆ, ಕೇಳದಿದ್ದರೂ, "ನಮ್ಮತ್ತೆ ರಾಗಿ ಬೀಸುವಾಗೆಲ್ಲ ಇದನ್ನೇ ಹೇಳೋಳು" ಎನ್ನುತ್ತಾರೆ. ಹಾಗಾದರೆ ಗಂಜಿಯ ಸಾಲಿನಲ್ಲಿ ಕುಳಿತಿದ್ದ ಹುಡುಗಿ ಮುತ್ತಜ್ಜಿಯಲ್ಲ, ಅವರ ಅತ್ತೆ. ಆ ಮನೆಗೆ ಸೊಸೆಯಾಗಿ ಬಂದವರು ಮನೆಯ ಬೀಗದ ಕೈಯನ್ನು ಪಡೆದಂತೆಯೇ ಮನೆಯ ನೆನಪನ್ನೂ ಪಡೆದು, "ನಾವು" ಎಂದು ಹೇಳುವ ಅಧಿಕಾರವನ್ನು ಗಳಿಸಿದ್ದರು. ಬಾಯಿಮಾತಿನ ಪರಂಪರೆಯನ್ನು ಕುರಿತು ಯಾನ್ ವಾನ್ಸಿನಾ ಅವರು 1961ರಲ್ಲಿ ಪ್ರಕಟಿಸಿದ ಗ್ರಂಥದಿಂದೀಚೆಗೆ ಇಂತಹ ಸಾಕ್ಷ್ಯಗಳ ಪರೀಕ್ಷೆಗೆ ವಿದ್ವಾಂಸರು ಅನೇಕ ಮಾರ್ಗಗಳನ್ನು ಸೂಚಿಸಿದ್ದಾರೆ. ನಮ್ಮ ಭಾಷೆಯ ಕ್ರಿಯಾಪದದ ಪ್ರತ್ಯಯವೇ ಹೇಳುವವರ ಹಕ್ಕನ್ನು ಗುರುತಿಸಿ ಕೊಡುವುದಾದರೆ ಅದು ನಮಗೆ ಒದಗಿದ ಹೆಚ್ಚಿನ ಸೌಕರ್ಯವೆಂದೇ ಹೇಳಬೇಕು.

ಇನ್ನು ಎರಡನೆಯ ಪ್ರಸಂಗ. ಮನೆಮಾತಿಗೆ ಮೂಲವಾದದ್ದು ಇದೇ. ಕ್ಯಾಸೆಟ್ಟಿನ ಕೊನೆಯ ಭಾಗದಲ್ಲಿ, ಮಕ್ಕಳ ವಿಷಯ ನಡೆಯುತ್ತಿರುವಾಗ, ಮುತ್ತಜ್ಜಿಯ ಮಾತು ಹೀಗಿದೆ: "ದಾತು ಈಸ್ವರದಲ್ಲಿ ಕಂಕುಳು ಕೂಸು ಕಣಪ್ಪ." ಈ ವಾಕ್ಯಕ್ಕೆ ಕರ್ತೃವಿಲ್ಲ. ಕನ್ನಡದಲ್ಲಿ ಕರ್ತೃವನ್ನು ಬಿಟ್ಟು ಮಾತನಾಡುವುದು ದೋಷವಲ್ಲ, ಸ್ವಭಾವ. ಕೇಳಿದವರೆಲ್ಲ ಅದಕ್ಕೆ "ನಾನು" ಎಂಬ ಕರ್ತೃವನ್ನು ತಾವೇ ಸೇರಿಸಿಕೊಂಡರು. ಧಾತು ಈಶ್ವರವೆಂದೊಡನೆ ಬರದ ನೆನಪು, ಬರವೆಂದೊಡನೆ 1877, ಅಲ್ಲಿಂದ 122. ಬೇರೊಬ್ಬರನ್ನು ದೂರುವುದಕ್ಕೆ ನಮಗೆ ಬಾಯಿಲ್ಲ. ನಾವೇ ಸ್ನಾತಕೋತ್ತರ ತರಗತಿಯಲ್ಲಿದ್ದಾಗ ಸಹಪಾಠಿಗಳ ಮುಂದೆ ಈ ಸಂಖ್ಯೆಯನ್ನು ಹೇಳಿ ಬೀಗಿದ್ದುಂಟು.

ಕ್ಯಾಸೆಟ್ಟಿನಲ್ಲಿ ಆ ವಾಕ್ಯವಾದ ಕೂಡಲೇ ಅಡುಗೆಮನೆಯ ಕುಕ್ಕರಿನ ಸೀಟಿ ಬಡಿದು ಮುಂದಿನ ಮಾತನ್ನು ನುಂಗಿದೆ. ಅದನ್ನು ಇದುವರೆಗೆ ಯಾರೂ ಲಕ್ಷ್ಯವಿಟ್ಟು ಕೇಳಿರಲಿಲ್ಲ. ಧ್ವನಿಯನ್ನು ಶುದ್ಧಗೊಳಿಸಿದ ಮೇಲೆ ನಮಗೆ ಕೇಳಿಸಿದ್ದು ಇಷ್ಟು: "ಹಾಲ್ ಬರ್ನಿಲ್ಲ. ಮೇಕೆ ಹಾಲ್ ಕುಡಿಸ್ದೆ. ಉಳ್ಕತು." ಹಾಲು ಬರಲಿಲ್ಲ, ಮೇಕೆಯ ಹಾಲನ್ನು ಕುಡಿಸಿದೆ, ಉಳಿದುಕೊಂಡಿತು. "ಕುಡಿಸ್ದೆ" ಎಂಬುದು ಉತ್ತಮಪುರುಷ ಏಕವಚನ. "ಉಳ್ಕತು" ಎಂಬುದು ಪ್ರಥಮಪುರುಷದ ನಪುಂಸಕ. ಕುಡಿಸಿದವರು ಮುತ್ತಜ್ಜಿ, ಉಳಿದುಕೊಂಡದ್ದು ಕೂಸು. ಕಂಕುಳಲ್ಲಿದ್ದವರು ಅವರಲ್ಲ, ಅವರ ಕಂಕುಳಲ್ಲಿ ಕೂಸಿತ್ತು.

ಕೂಸು ತಾನೇ ತನಗೆ ಮೇಕೆಯ ಹಾಲನ್ನು ಕುಡಿಸಿಕೊಳ್ಳಲಾರದಷ್ಟೆ. ಆದರೂ ಒಂದು ಆಕ್ಷೇಪಕ್ಕೆ ಉತ್ತರ ಹೇಳಬೇಕು. ಗಂಜಿಯ ಕಥೆಯಂತೆ ಇದೂ ಅತ್ತೆಯ ನೆನಪೇ ಏಕಾಗಿರಬಾರದು? ಹಾಗಲ್ಲವೆಂದು ಏಕವಚನ ಸೂಚಿಸುತ್ತದೆ. ಅಷ್ಟರಿಂದ ತೃಪ್ತರಾಗದವರಿಗೆ ಸಂವತ್ಸರಚಕ್ರವನ್ನೇ ಮುಂದಿಡುತ್ತೇವೆ. 1876–77ರ ಧಾತು ಕಳೆದು ಅರವತ್ತು ವರ್ಷಗಳಿಗೆ, 1936–37ರಲ್ಲಿ, ಧಾತು ಮತ್ತೆ ಬಂದಿತು. 1937ರ ಯುಗಾದಿಗೆ ಈಶ್ವರ. ನಮ್ಮ ಚಿಕ್ಕತಾತನವರ ಶಾಲೆಯ ದಾಖಲೆಯಲ್ಲಿ ಹುಟ್ಟಿದ ಇಸವಿ 1937. ಶಾಲೆಯ ದಾಖಲೆಯ ಜನ್ಮದಿನಾಂಕಗಳಲ್ಲಿ ನಮಗೆ ಅಂಥ ವಿಶ್ವಾಸವೇನೂ ಇಲ್ಲ. ಹಳೆಯ ಹಾಜರಿ ಪುಸ್ತಕಗಳನ್ನು ತಿರುವಿದರೆ ಅರ್ಧ ತರಗತಿ ಜೂನ್ ತಿಂಗಳ ಒಂದನೆಯ ತಾರೀಖಿನಂದೇ ಹುಟ್ಟಿದಂತೆ ಕಾಣುವುದುಂಟು. ಆದರೆ ಮೇಷ್ಟರು ಅಂದಾಜಿನಿಂದ ಒಂದೆರಡು ವರ್ಷ ತಪ್ಪಬಹುದೇ ಹೊರತು ಅರವತ್ತು ವರ್ಷ ತಪ್ಪಲಾರರು. ಮುತ್ತಜ್ಜಿ 1877ರಲ್ಲಿ ಹುಟ್ಟಿದವರಾಗಿದ್ದರೆ ಕೊನೆಯ ಮಗನನ್ನು ಅರವತ್ತನೆಯ ವಯಸ್ಸಿನಲ್ಲಿ ಹೆತ್ತಿರಬೇಕಾಗುತ್ತದೆ. ಇದನ್ನು ನಮ್ಮ ಮನೆಯಲ್ಲಿ ಯಾರೊಬ್ಬರೂ ಲೆಕ್ಕ ಹಾಕಿ ನೋಡಿರಲಿಲ್ಲವೆಂಬುದು ಆಶ್ಚರ್ಯವಾದರೂ ನಿಜ. ಮನೆಯ ಗೌರವಕ್ಕೆ ಸೇರಿದ ಸಂಖ್ಯೆಯನ್ನು ಯಾರೂ ಕೂಡಿ ಕಳೆದು ನೋಡುವುದಿಲ್ಲ.

ದೀರ್ಘಾಯುಷಿಗಳ ಸಾಕ್ಷ್ಯದಲ್ಲಿ ಈ ಅಪಾಯ ವಿಶೇಷವಾಗಿರುತ್ತದೆಂದು ನಮಗೆ ತೋರುತ್ತದೆ. ಐವತ್ತು ಅರವತ್ತು ವರ್ಷ ಬಾಳಿದವರ ಜೀವನದಲ್ಲಿ ಒಂದು ಸಂವತ್ಸರದ ಹೆಸರು ಸಾಮಾನ್ಯವಾಗಿ ಒಂದೇ ಸಲ ಬರುತ್ತದೆ, ಗೊಂದಲಕ್ಕೆ ಅವಕಾಶವಿಲ್ಲ. ನೂರರ ಹತ್ತಿರ ಬಾಳಿದವರ ಜೀವನದಲ್ಲಿ ಹಲವು ಸಂವತ್ಸರಗಳು ಎರಡೆರಡು ಸಲ ಬಂದುಹೋಗಿರುತ್ತವೆ. ಮೇಲಾಗಿ ಅತ್ತೆಯಿಂದ ಸೊಸೆಗೆ ನೆನಪು ಇಳಿದುಬಂದ ಮನೆಗಳಲ್ಲಿ, ಮೊದಲ ಆವರ್ತ ಅತ್ತೆಯದಾಗಿದ್ದು ಎರಡನೆಯದು ಸೊಸೆಯದಾಗಿರಬಹುದು. ಹೇಳುವವರಿಗೆ ಈ ಭೇದ ಸ್ಪಷ್ಟವಾಗಿಯೇ ಇರುತ್ತದೆ. ಮುತ್ತಜ್ಜಿ ಎಲ್ಲಿಯೂ ತಪ್ಪು ಹೇಳಲಿಲ್ಲವೆಂಬುದನ್ನು ಒತ್ತಿ ಹೇಳಬೇಕಾಗಿದೆ. ತಪ್ಪು ಕೇಳಿದವರು ನಾವು.

ಹಾಗಾದರೆ ಅವರು ಹುಟ್ಟಿದ್ದು ಯಾವಾಗ? ಇಲ್ಲಿಯೂ ಅವರ ಮಾತೇ ದಾರಿದೀಪ. ತಾವು ಎಳೆಗೂಸಾಗಿದ್ದಾಗ ತಮ್ಮ ತವರಿನವರು "ಗಡ್ಡೆ ಕಾಯ್ಲೆಗೆ" ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡಿದ್ದರೆಂದು ತಾಯಿ ಹೇಳುತ್ತಿದ್ದುದನ್ನು ಅವರು ಸ್ಮರಿಸಿದ್ದಾರೆ. ತೊಡೆಯ ಸಂದಿನಲ್ಲಿಯೂ ಕಂಕುಳಲ್ಲಿಯೂ ಗಡ್ಡೆ ಏಳುವುದು, ಇಲಿ ಬಿದ್ದೊಡನೆ ಊರು ತೆರವಾಗುವುದು, ಇವು ಪ್ಲೇಗಿನ ಲಕ್ಷಣಗಳು. ಪ್ಲೇಗು ಬೆಂಗಳೂರಿನಲ್ಲಿ ಕಾಣಿಸಿಕೊಂಡದ್ದು 1898ರ ಆಗಸ್ಟ್ ತಿಂಗಳಲ್ಲಿ. ಅನಂತರ ಅದು ಮೈಸೂರು ಸೀಮೆಯ ಊರೂರುಗಳಿಗೆ ಹರಡಿ ಹಲವು ವರ್ಷ ಮರುಕಳಿಸಿತು. ಆದುದರಿಂದ 1898ಕ್ಕೆ ಬಹಳ ಮುಂಚೆ ಅವರು ಹುಟ್ಟಿರಲಾರರು. ಮುಂದೆ ಹೇಳಲಿರುವ ಕಾರಣದಿಂದ 1900ಕ್ಕಿಂತ ಬಹಳ ಈಚೆಗೂ ತರಲಾಗದು. ಎಂದರೆ ತೀರಿಕೊಂಡಾಗ ಅವರಿಗೆ ಸುಮಾರು 99ರಿಂದ 101 ವರ್ಷ. ನೂರು ತುಂಬಿತ್ತೆಂದು ನಾವು ಪ್ರಮಾಣಮಾಡಿ ಹೇಳಲಾರೆವು.

"ಮುಂದೆ ಹೇಳಲಿರುವ ಕಾರಣ" ಎಂದೆವಲ್ಲ, ಈ ಲೇಖನವನ್ನು ಬರೆಯುವಂತೆ ನಮ್ಮನ್ನು ಪ್ರೇರಿಸಿದ್ದು ವಾಸ್ತವವಾಗಿ ಅದೇ. ಕ್ಯಾಸೆಟ್ಟಿನಲ್ಲಿ ಮುತ್ತಜ್ಜಿ ಕಾಲವನ್ನು ಗುರುತಿಸುವ ಬಗೆಯನ್ನು ಪರಿಶೀಲಿಸುತ್ತ ಹೋದಂತೆ, ಸಂವತ್ಸರಗಳಿಗಿಂತ ಹೆಚ್ಚಾಗಿ ಬೇರೊಂದು ಗುರುತನ್ನು ಅವರು ಬಳಸುತ್ತಾರೆಂಬುದು ಕಂಡುಬಂದಿತು. "ಹೆಣ್ ಕೂಸು ಹೋಗೋಕ್ ಮುಂಚೆ", "ಹೆಣ್ ಕೂಸು ಹೋದ್ಮೇಕೆ". ಗಂಡನ ಅಣ್ಣತಮ್ಮಂದಿರು ಪಾಲಾದದ್ದು ಹೆಣ್ಣು ಕೂಸು ಹೋದ ಮೇಲೆ. ಎತ್ತು ಕೊಂಡದ್ದು ಅದು ಹೋಗುವುದಕ್ಕೆ ಮುಂಚೆ. ಶಕಪುರುಷರ ಹೆಸರಿನಲ್ಲಿ ಅರಸರು ಶಕೆಯನ್ನು ಎಣಿಸುವಂತೆ ಅವರು ತಮ್ಮ ಜೀವನವನ್ನೆಲ್ಲ ಈ ಒಂದು ಗೆರೆಯ ಈಚೆ ಆಚೆಗೆ ಎಣಿಸಿದ್ದಾರೆ. ಆದರೆ ಇಂತಹ ಒಂದು ಹೆಣ್ಣು ಕೂಸು ನಮ್ಮ ಮನೆಯಲ್ಲಿ ಹುಟ್ಟಿತ್ತೆಂಬುದು ನಮಗಾರಿಗೂ ತಿಳಿದಿರಲಿಲ್ಲ. ನಮ್ಮ ತಾತನವರೇ ಚೊಚ್ಚಲ ಮಗನೆಂದೂ ಮುತ್ತಜ್ಜಿಗೆ ಗಂಡುಮಕ್ಕಳ ಹೊರತು ಬೇರೆ ಸಂತಾನವಿರಲಿಲ್ಲವೆಂದೂ ನಾವೆಲ್ಲ ತಿಳಿದಿದ್ದೆವು.

ಆ ಕೂಸು ಹೋದದ್ದು ಯಾವ ವರ್ಷ? ಅವರು ಕೊಡುವ ವಿವರ ಇದು. ಮಾರ್ನಮಿಯ ಹೊತ್ತಿನಲ್ಲಿ ಊರಿಗೆ ಊರೇ ಜ್ವರದಿಂದ ಮಲಗಿತು. ಹೊಳೆಯಿಂದ ನೀರು ತಂದುಕೊಡುವವರಿಲ್ಲ. ಗಡ್ಡೆಯಿಲ್ಲ, ಕಾಲರಾದ ಭೇದಿಯಿಲ್ಲ. ಕೆಮ್ಮು, ಜ್ವರ, ಮೂರು ನಾಲ್ಕು ದಿನಕ್ಕೆ ಮುಗಿಯಿತು. ಮುದುಕರು ಉಳಿದು "ಗಟ್ಟಿಮುಟ್ಟಾದೋರೇ" ಹೋದರು. ಕೊನೆಯ ಈ ಒಂದು ಮಾತೇ ನಿರ್ಣಾಯಕವಾದುದು. ಪ್ರಾಯದವರನ್ನೇ ಹೆಚ್ಚಾಗಿ ಕೊಂಡೊಯ್ದದ್ದು 1918ರ ಇನ್‌ಫ್ಲುಯೆಂಜ ಜ್ವರದ ವೈಶಿಷ್ಟ್ಯ. ಭಾರತದಲ್ಲಿ ಅದರ ಎರಡನೆಯ ಅಲೆ ಉಗ್ರವಾದದ್ದು ಆ ವರ್ಷದ ಸೆಪ್ಟೆಂಬರಿನಿಂದ ಡಿಸೆಂಬರಿನವರೆಗಿನ ತಿಂಗಳುಗಳಲ್ಲಿ. ಮಡಿದವರ ಸಂಖ್ಯೆ ಒಂದೂಕಾಲು ಕೋಟಿಗೂ ಹೆಚ್ಚೆಂದು ಅಂದಾಜುಗಳಿವೆ. ದೇಶದ ಜನಸಂಖ್ಯೆ ಒಂದು ಗಣತಿಯಿಂದ ಮುಂದಿನ ಗಣತಿಗೆ ಕಡಿಮೆಯಾಗಿ ಕಂಡದ್ದು 1911–1921ರ ದಶಕದಲ್ಲಿ. ಕೂಸು "ಅವ್ವಾ ಅಂತಿತ್ತು, ನಡೀತಿತ್ತು" ಎಂದು ಮುತ್ತಜ್ಜಿ ಹೇಳುವುದರಿಂದ ಅದಕ್ಕೆ ಆಗ ಎರಡು ವರ್ಷವಿದ್ದಿರಬಹುದು. ಹಾಗಾದರೆ ಅದು ಹುಟ್ಟಿದ್ದು 1916ರ ಸುಮಾರಿಗೆ. ತಾಯಿಗೆ ಆಗ ಹದಿನಾರು ಹದಿನೆಂಟಕ್ಕಿಂತ ಹೆಚ್ಚಿರಲಾರದು, ಬಹಳ ಕಡಿಮೆಯೂ ಇರಲಾರದು. ಹುಟ್ಟಿದ ವರ್ಷವನ್ನು ನಾವು 1900ರ ಸಮೀಪಕ್ಕೆ ಕಟ್ಟಿಹಾಕಿದ್ದು ಈ ಕೂಸಿನ ಬಲದಿಂದಲೇ.

ಈಗ ವಂಶವೃಕ್ಷದ ಮಾತು. ನಮ್ಮ ಹಿರಿಯರಿದ್ದ ಹಳೆಯ ಊರು ಕನ್ನಂಬಾಡಿ ಕಟ್ಟೆಯಿಂದ ಮುಳುಗಡೆಯಾದ ಊರುಗಳಲ್ಲಿ ಒಂದು. ಜಮೀನಿನ ಪರಿಹಾರಕ್ಕಾಗಿ ವಾರಸುದಾರರನ್ನು ತೋರಿಸಬೇಕಾಗಿ ಬಂದಾಗ ಬರೆಸಿದ ಪತ್ರವಿದು. ಕಟ್ಟೆಯ ಕೆಲಸ 1911ರಲ್ಲಿ ಆರಂಭವಾಗಿ 1931ರಲ್ಲಿ ಮುಗಿಯಿತು. ಕಟ್ಟೆಯ ಎತ್ತರವನ್ನು ಕುರಿತು ಮದರಾಸು ಸರ್ಕಾರಕ್ಕೂ ಮೈಸೂರು ಸರ್ಕಾರಕ್ಕೂ ಬಹುಕಾಲ ವ್ಯಾಜ್ಯ ನಡೆದು, 1924ರ ಫೆಬ್ರವರಿ 18ರ ಒಪ್ಪಂದದಲ್ಲಿ ನೀರಿನ ಪೂರ್ಣಮಟ್ಟ 124 ಅಡಿಯೆಂದು ನಿಂತಿತು. ಅದೇ ವರ್ಷದ ಜುಲೈ ತಿಂಗಳಲ್ಲಿ ಕಾವೇರಿಗೆ ಭಾರಿ ಪ್ರವಾಹ ಬಂದಿತು. ನಮ್ಮ ಮನೆಯವರು "ರಾತ್ರೋರಾತ್ರಿ ಹೊಳೆ ಬಂದು ಊರನ್ನು ನುಂಗಿತು" ಎಂದು ಹೇಳುವ ಕಥೆಗೆ ಬಹುಶಃ ಈ ಪ್ರವಾಹವೇ ಮೂಲ. ಮುತ್ತಜ್ಜಿ ಮಾತ್ರ ಬೇರೆಯಾಗಿ ಹೇಳುತ್ತಾರೆ: ರಕ್ತಾಕ್ಷಿಯ ಹೊಳೆಯಲ್ಲಿ ಗೋಡೆ ಬಿದ್ದವು, ದಿಬ್ಬದ ಮೇಲೆ ಬಂದು ಕುಳಿತೆವು, ನೋಟೀಸು ಆಗಲೇ ಬಂದಿತ್ತು, ಬಿದ್ದ ಗೋಡೆಯನ್ನು ಮತ್ತೆ ಯಾರೂ ಎತ್ತಲಿಲ್ಲ, ನೀರು ವರ್ಷವರ್ಷವೂ ಅಷ್ಟಷ್ಟೇ ಏರಿತು. 1924–25 ರಕ್ತಾಕ್ಷಿಯೇ ಸರಿ. ಪಂಚಾಂಗ, ಒಪ್ಪಂದ, ಅವರ ಮಾತು ಮೂರೂ ಇಲ್ಲಿ ಹೊಂದುತ್ತವೆ. ಹೊಂದದಿರುವುದು ನಮ್ಮ ಮನೆಯ ಕಥೆ ಮಾತ್ರ.

1926ರ ವಂಶವೃಕ್ಷದಲ್ಲಿ ನಾಲ್ಕು ತಲೆಮಾರುಗಳ ಗಂಡಸರ ಹೆಸರುಗಳಿವೆ. ಒಬ್ಬ ಹೆಂಗಸಿನ ಹೆಸರೂ ಇಲ್ಲ. ಗಂಜಿಯ ಸಾಲಿನ ಅತ್ತೆಯಿಲ್ಲ, ಮುತ್ತಜ್ಜಿಯಿಲ್ಲ. ಮೈಸೂರು ಸಂಸ್ಥಾನದಲ್ಲಿ ಹಿಂದೂ ಸ್ತ್ರೀಯರ ಹಕ್ಕುಗಳ ಶಾಸನ ಬಂದದ್ದು 1933ರಲ್ಲಿ, ಅದಕ್ಕೆ ಏಳು ವರ್ಷ ಮುಂಚಿನ ಪತ್ರವಿದು. ಬರೆದವರನ್ನು ನಿಂದಿಸುವುದು ನ್ಯಾಯವಲ್ಲ. ಪಾಲಿಗೆ ಹಕ್ಕುಳ್ಳವರನ್ನು ತೋರಿಸುವುದಕ್ಕಾಗಿ ಅದು ಹುಟ್ಟಿತೇ ಹೊರತು ಬದುಕಿದವರನ್ನೆಲ್ಲ ತೋರಿಸುವುದಕ್ಕಾಗಿ ಅಲ್ಲ. ಎರಡು ವರ್ಷ ಬಾಳಿದ ಹೆಣ್ಣು ಕೂಸಿಗೆ ಯಾವ ಸರ್ವೆ ನಂಬರಿನಲ್ಲಿಯೂ ಪಾಲಿರಲಿಲ್ಲ. ತೊಂದರೆ ಆದದ್ದು ಅನಂತರ. ಈ ಪತ್ರವನ್ನೇ ಆಧಾರವಾಗಿಟ್ಟುಕೊಂಡು, ಅದನ್ನು ಹೊಸ ಹಾಳೆಗೆ ಎತ್ತಿ, ಕೆಳಗೆ ನಮ್ಮ ತಲೆಮಾರಿನವರ ಹೆಸರುಗಳನ್ನು ಸೇರಿಸಿ, ಕಟ್ಟುಹಾಕಿಸಿ ನಡುಮನೆಯಲ್ಲಿ ತೂಗುಹಾಕಿದಾಗ, ಜಮೀನಿನ ಪತ್ರವೇ ನಮ್ಮ ಮನೆಯ ಚರಿತ್ರೆಯಾಗಿಬಿಟ್ಟಿತು. ಅನೇಕ ಮನೆತನಗಳ ಇತಿಹಾಸವೆಂದು ಅಚ್ಚಾಗಿ ಬರುವ ಪುಸ್ತಕಗಳ ಬುಡದಲ್ಲಿಯೂ ಇಂತಹ ಒಂದು ಕಂದಾಯದ ಕಾಗದವೇ ಇರುತ್ತದೆಂದು ನಮ್ಮ ಗುಮಾನಿ.

ಕೂಸನ್ನು ಹೂತದ್ದು ಹಳೆಯ ಊರಿನ ತೋಪಿನ ಅಂಚಿನಲ್ಲಿ. "ಅಲ್ಲೇ ಬುಟ್ಬುಟ್ ಬಂದೆ" ಎಂದು ಮುತ್ತಜ್ಜಿ ಹೇಳುತ್ತಾರೆ, ಏಕವಚನ. ತಂದೆಯವರು ಕ್ಯಾಸೆಟ್ಟಿನಲ್ಲಿ ಕೇಳುತ್ತಾರೆ, ಬೇಸಿಗೆಯಲ್ಲಿ ನೀರು ಇಳಿದಾಗ ಹಳೆಯ ಊರು ಕಾಣುವುದಲ್ಲ, ನೀವು ಎಂದಾದರೂ ಹೋಗಿ ನೋಡಿದ್ದೀರಾ ಎಂದು. ಅದಕ್ಕೆ ಉತ್ತರವಿಲ್ಲ. ಮಗುವಿನ ಹೆಸರೇನೆಂದು ತಂದೆಯವರು ಕೇಳಲಿಲ್ಲ. ಈಗ ಕೇಳುವುದಕ್ಕೆ ತಂದೆಯವರೂ ಇಲ್ಲ.

ಈ ಸಂಗತಿಗಳನ್ನೆಲ್ಲ ಹಿಡಿದುಕೊಂಡು ಕಳೆದ ಬೇಸಿಗೆಯಲ್ಲಿ ನಾವು ಚಿಕ್ಕತಾತನವರ ಬಳಿಗೆ ಹೋದೆವು. ಎಂಬತ್ತೈದು ದಾಟಿರುವ ಅವರು 122ರ ಕಲ್ಲನ್ನು ನೆಡಿಸಿದವರು, ಊರಿಗೆ ಬಂದವರನ್ನೆಲ್ಲ ಕರೆದುಕೊಂಡು ಹೋಗಿ ಅದನ್ನು ತೋರಿಸುವವರು. ತಾಯಿಯ ವಯಸ್ಸಿನಿಂದ ಇಪ್ಪತ್ತು ವರ್ಷಗಳಿಗಿಂತ ಹೆಚ್ಚು ಕಳೆಯುವ ಕೆಲಸ ನಮಗೆ ಹಿತವಾಗಿರಲಿಲ್ಲವೆಂಬುದನ್ನು ಒಪ್ಪಿಕೊಳ್ಳುತ್ತೇವೆ. ಕಂಪ್ಯೂಟರಿನಲ್ಲಿ ಆ ಭಾಗವನ್ನು ಹಾಕಿ ಕೇಳಿಸಿದೆವು. ಕುಕ್ಕರಿನ ಸದ್ದಿನ ಹಿಂದಿದ್ದ ಮೂರು ಮಾತುಗಳನ್ನು ಅವರು ಮೂರು ಸಲ ಕೇಳಿದರು. ಸಂವತ್ಸರದ ಲೆಕ್ಕವನ್ನು ನಾವು ವಿವರಿಸಲು ತೊಡಗಿದಾಗ ಕೈಯೆತ್ತಿ ತಡೆದು, "ಹಂಗಾರೆ ಮೇಕೆ ಹಾಲು ಕುಡ್ದೋನು ನಾನೇಯಾ, ಮಗ?" ಎಂದರು. ಹೌದೆಂದೆವು. ತಾಯಿಗೆ ತಮ್ಮಿಂದ ಅಷ್ಟು ಕಷ್ಟವಾಗಿತ್ತೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಅಂದು ಅವರು ಮತ್ತೆ ವಯಸ್ಸಿನ ಮಾತನ್ನು ಎತ್ತಲಿಲ್ಲ.

ಹೆಣ್ಣು ಕೂಸಿನ ಭಾಗವನ್ನು ಕೇಳಿಸಿದ್ದು ಮರುದಿನ. ತಮಗೊಬ್ಬ ಅಕ್ಕ ಇದ್ದಳೆಂಬುದು ಅವರಿಗೂ ಹೊಸದು. ಸಂಜೆ ಅವರೇ ನಮ್ಮನ್ನು ಕರೆದುಕೊಂಡು ಸಮಾಧಿಯ ಬಳಿಗೆ ಹೋದರು. ಕಲ್ಲಿನ ಸಂಖ್ಯೆಯನ್ನು ತಿದ್ದುವುದಕ್ಕೆ ಅವರು ಒಪ್ಪಲಿಲ್ಲ. "ಕಲ್ಲು ಇದ್ದಂಗೇ ಇರ್ಲಿ, ಊರೋರೆಲ್ಲ ಓದವ್ರೆ" ಎಂದರು. ಅದರ ಕೆಳಗೆ ಮಾತ್ರ ಇನ್ನೊಂದು ಸಾಲನ್ನು ಕೆತ್ತಿಸಬೇಕೆಂದರು. ಸಂಶೋಧಕರಾಗಿ ನಾವು ಇದಕ್ಕೆ ಆಕ್ಷೇಪಿಸಬೇಕಾಗಿತ್ತೇನೋ. ಮೇಲಿನ ಸಾಲು ತಪ್ಪಾಗಿದ್ದು ಕೆಳಗಿನದು ಸರಿಯಾಗಿರುವ ಶಾಸನವನ್ನು ಬುದ್ಧಿಪೂರ್ವಕವಾಗಿ ಮುಂದಿನವರಿಗೆ ಬಿಟ್ಟುಹೋಗುವುದು ಉಚಿತವಲ್ಲ. ಆದರೆ ಆಕ್ಷೇಪಿಸಲಿಲ್ಲ.

ಕಲ್ಲುಕುಟಿಗ ಹೆಸರೇನೆಂದು ಕೇಳಿದ. "ಹಿರಿಯ ಮಗಳು" ಎಂದು ಬರೆದುಕೊಟ್ಟೆವು. ಸಂವತ್ಸರವನ್ನು ಹಾಕಿಸಬೇಕೆಂಬುದು ಚಿಕ್ಕತಾತನವರ ಅಪೇಕ್ಷೆ. ಕಾಳಯುಕ್ತಿ ಸಂವತ್ಸರವೆಂದು ಬರೆದು, ಅದರ ಹಿಂದೆ ಶಕವರ್ಷ 1840 ಎಂಬುದನ್ನು ಬಿಡದೆ ಸೇರಿಸಿದೆವು.